ಪೋರ್ಷೆ 997 ಕರೇರಾಗೆ ಯಾವ ಬಂಪರ್ ಹಾಕಿಸೋದು? ಫೇಸ್‌ಲಿಫ್ಟ್, ಟರ್ಬೊ, ಜಿಟಿ3: ಬೆಂಗಳೂರಿನ ರಸ್ತೆ ನೋಡಿಕೊಂಡು ಒಂದು ಹೋಲಿಕೆ

ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ ಇಳಿಯುವ ದಾರಿ ಮುಗಿಯುವ ಕಡೆ ಮಳೆ ನೀರು ಹೋಗಲು ಒಂದು ಕಬ್ಬಿಣದ ಜಾಲರಿ ಇದೆ. ಅದರ ಒಂದು ಅಂಚು ನೆಲದಿಂದ ಬೆರಳಿನಷ್ಟು ಮೇಲೆ ಎದ್ದಿತ್ತು. ಒಂದು ರಾತ್ರಿ ನನ್ನ ಕಾರಿನ ಮೂತಿ ಅಲ್ಲಿ ತಾಗಿತು. ಸದ್ದು ಕೇಳಿ ಗಾಬರಿಯಾಗಿ ತಕ್ಷಣ ರಿವರ್ಸ್ ಹಾಕಿದೆ. ಬಂಪರಿನ ಕೆಳ ಅಂಚು ಜಾಲರಿಗೆ ಸಿಕ್ಕಿಕೊಂಡಿತ್ತು. ಎಡಗಡೆ ಚಕ್ರದ ಹತ್ತಿರ ಸ್ಕ್ರೂ ಸಮೇತ ಕಿತ್ತು ಬಂತು.

ಕಾರು 2007ರ ಪೋರ್ಷೆ 911 ಕರೇರಾ, 997 ಸರಣಿಯದು, ಬೆಳ್ಳಿ ಬಣ್ಣ, ಸೆಕೆಂಡ್ ಹ್ಯಾಂಡ್ ತೆಗೆದುಕೊಂಡಿದ್ದು. ಬಂಪರ್ ಹೇಗೂ ಬದಲಾಯಿಸಬೇಕು, ಹಾಗಿದ್ದಮೇಲೆ ಜಿಟಿ3, ಅಂದರೆ 911ರ ರೇಸ್ ಟ್ರ್ಯಾಕ್ ಮಾದರಿಯ ಮುಖವನ್ನೇ ಹಾಕಿಸಿಬಿಡೋಣ ಅನ್ನಿಸಿತು. ಇಂಥ ಕಾರು ಇಟ್ಟುಕೊಂಡ ಯಾರಿಗಾದರೂ ಈ ಆಸೆ ಬಂದೇ ಬರುತ್ತದೆ. ಮೊದಲು ಜಿಟಿ3 ನಕಲು ಹಾಕಿಸಿ ಕೈಸುಟ್ಟುಕೊಂಡೆ. ಆಮೇಲೆ ಬೇರೆ ದಾರಿ ಹಿಡಿದೆ. ಅಷ್ಟರಲ್ಲಿ ಕಲಿತದ್ದನ್ನೆಲ್ಲ ಇಲ್ಲಿ ಬರೆದಿದ್ದೇನೆ. ನಿಮ್ಮದು 997 ಆಗದಿದ್ದರೂ ನೋಡಬೇಕಾದ ವಿಷಯಗಳು ಹೆಚ್ಚುಕಡಿಮೆ ಇವೇ.

ಬಂಪರ್ ಬಿಚ್ಚಿ ಒಳಗೇನಿದೆ ನೋಡಿ

911ರ ಎಂಜಿನ್ ಹಿಂದೆ ಇದೆ, ಆದರೆ ರೇಡಿಯೇಟರ್‌ಗಳು ಮುಂದೆ ಇವೆ. 1997ರಲ್ಲಿ 996 ಸರಣಿ ಬರುವ ತನಕ 911ರ ಎಂಜಿನ್ ಗಾಳಿಯಿಂದಲೇ ತಣ್ಣಗಾಗುತ್ತಿತ್ತು. ಆಮೇಲೆ ನೀರು ಬಂತು. ಹಿಂದಿನಿಂದ ಮುಂದಿನ ತನಕ ಪೈಪುಗಳು ಓಡುತ್ತವೆ. ಎಡ ಬಲ ಚಕ್ರಗಳ ಮುಂದೆ ಒಂದೊಂದು ರೇಡಿಯೇಟರ್, ಅದರ ಮುಂದೆ ಒಂದೊಂದು ಎ.ಸಿ. ಕಂಡೆನ್ಸರ್. ಟರ್ಬೊ ಮತ್ತು ಜಿಟಿ3ಗಳಲ್ಲಿ ನಡುವೆ ಮೂರನೆಯದೂ ಇರುತ್ತದೆ. ಕೆಲವು ಕರೇರಾಗಳಲ್ಲೂ ಇದೆ, ನಿಮ್ಮದರಲ್ಲಿ ಇದೆಯಾ ಅಂತ ಮೊದಲು ಖಚಿತ ಮಾಡಿಕೊಳ್ಳಿ.

ಅಂದರೆ ಈ ಕಾರಿನಲ್ಲಿ ಬಂಪರ್ ಬರೀ ಮುಖದ ಅಂದಕ್ಕೆ ಇರುವುದಲ್ಲ. ಗಾಳಿಯನ್ನು ಹಿಡಿದು ರೇಡಿಯೇಟರಿಗೆ ಕೊಡುವ ಬಾಯಿ ಅದು. ಬಂಪರಿನ ತೂತಿಗೂ ರೇಡಿಯೇಟರಿಗೂ ನಡುವೆ ಕಪ್ಪು ಪ್ಲಾಸ್ಟಿಕ್ ಡಕ್ಟ್ ಇರುತ್ತದೆ. ಬಂಪರ್ ಬದಲಾಯಿಸಿ ಡಕ್ಟ್ ಹಳೆಯದೇ ಉಳಿಸಿದರೆ ಎರಡರ ನಡುವೆ ಸಂದು ಬೀಳುತ್ತದೆ. ಗಾಳಿಗೆ ಸುಲಭದ ದಾರಿ ಬೇಕು. ರೇಡಿಯೇಟರ್ ಒಳಗೆ ನುಗ್ಗುವ ಬದಲು ಆ ಸಂದಿನಲ್ಲಿ ಜಾರಿಹೋಗುತ್ತದೆ. ನೈಸ್ ರಸ್ತೆಯಲ್ಲಿ ವೇಗವಾಗಿ ಹೋಗುವಾಗ ಗೊತ್ತಾಗದೇ ಇರಬಹುದು. ಸಿಲ್ಕ್ ಬೋರ್ಡ್ ಹತ್ತಿರ ಏಪ್ರಿಲ್ ಮಧ್ಯಾಹ್ನ ಮುಕ್ಕಾಲು ಗಂಟೆ ತೆವಳುವಾಗ ಟೆಂಪರೇಚರ್ ಮುಳ್ಳು ಮೇಲೇರುತ್ತದೆ, ಎ.ಸಿ. ಕೂಲಿಂಗ್ ಸಾಲದಾಗುತ್ತದೆ.

ನನ್ನ ಬಂಪರ್ ಬಿಚ್ಚಿದ ದಿನ ಟಿಂಕರ್ ಅಣ್ಣ ಎಡಗಡೆ ಡಕ್ಟಿಗೆ ಕೈ ಹಾಕಿ ಎರಡು ಹಿಡಿ ಕಸ ತೆಗೆದರು. ಹೊಂಗೆ ಎಲೆ, ಒಣಗಿದ ಹಳದಿ ಹೂವಿನ ಪಕಳೆ, ಸಣ್ಣ ಜಲ್ಲಿ, ಒಂದು ಚಾಕೊಲೇಟ್ ಕಾಗದ. ತಳದಲ್ಲಿದ್ದದ್ದೆಲ್ಲ ಕೊಳೆತು ಒದ್ದೆ ಮಣ್ಣಾಗಿತ್ತು. ಅದು ಅಂಟಿಕೊಂಡಿದ್ದ ಕಡೆ ಕಂಡೆನ್ಸರಿನ ತೆಳು ಅಲ್ಯೂಮಿನಿಯಂ ಪದರಗಳನ್ನು ಉಗುರಿನಿಂದ ಮುಟ್ಟಿದರೆ ಪುಡಿಪುಡಿಯಾಗಿ ಉದುರುತ್ತಿದ್ದವು. "ಸಾರ್, ಇನ್ನೊಂದು ಮಳೆಗಾಲ ಬಿಟ್ಟಿದ್ದರೆ ಗ್ಯಾಸ್ ಲೀಕ್ ಗ್ಯಾರಂಟಿ" ಅಂದರು. ಮರಗಳಿರುವ ಊರು ನಮ್ಮದು. ಯಾವ ಬಂಪರ್ ಹಾಕಿಸಿದರೂ ಅದರ ತೂತಿಗೆ ಒಳಗಿನಿಂದ ಸಣ್ಣ ಕಣ್ಣಿನ ಜಾಲರಿ ಹಾಕಿಸಿ. ವರ್ಷಕ್ಕೊಮ್ಮೆ ಬಂಪರ್ ಬಿಚ್ಚಿ ಚೊಕ್ಕ ಮಾಡಿಸಿ.

ಅದೇ ಬಂಪರ್ ಮತ್ತೆ ಹಾಕಿಸುವುದು

ಮುರಿದದ್ದು ಬರೀ ಒಂದೆರಡು ಕಿವಿ, ಅಂದರೆ ಸ್ಕ್ರೂ ಕೂರುವ ಚಾಚು ಆಗಿದ್ದರೆ ಪ್ಲಾಸ್ಟಿಕ್ ವೆಲ್ಡಿಂಗ್ ಮಾಡಿಸಿದರೆ ಸಾಕು. ಒಳಗಿನಿಂದ ಸ್ಟೀಲ್ ಜಾಲರಿ ಕೂರಿಸಿ, ಅದೇ ಜಾತಿಯ ಪ್ಲಾಸ್ಟಿಕ್ ಕಡ್ಡಿ ಕರಗಿಸಿ ತುಂಬುತ್ತಾರೆ. ಬಂಪರಿನ ಬೆನ್ನಿನ ಮೇಲೆ ಯಾವ ಪ್ಲಾಸ್ಟಿಕ್ ಎಂದು ಅಚ್ಚಿನಲ್ಲೇ ಬರೆದಿರುತ್ತದೆ. ಅದನ್ನು ನೋಡದೆ ವೆಲ್ಡ್ ಮಾಡಿದರೆ ಹಿಡಿಯುವುದಿಲ್ಲ. ಕಾರನ್ನು ಮುಂದೆ ಮಾರುವ ಯೋಚನೆ ಇದ್ದವರಿಗೆ ಇದಕ್ಕಿಂತ ಒಳ್ಳೆ ದಾರಿ ಇಲ್ಲ. ಹಳೆ 911 ಕೊಳ್ಳುವವರು ಕಾರ್ಖಾನೆಯಿಂದ ಬಂದ ಹಾಗೇ ಇರುವುದನ್ನೇ ಹುಡುಕುತ್ತಾರೆ.

ಫೇಸ್‌ಲಿಫ್ಟ್ ಬಂಪರ್

2008ರಲ್ಲಿ ಪೋರ್ಷೆ 997ಕ್ಕೆ ಹೊಸ ಎಂಜಿನ್ ಕೊಟ್ಟಿತು, ಜೊತೆಗೆ ಮುಖವನ್ನೂ ತಿದ್ದಿತು. ಮೊದಲಿನದನ್ನು 997.1, ಆಮೇಲಿನದನ್ನು 997.2 ಅಂತ ಕರೆಯುತ್ತಾರೆ. 997.2 ಬಂಪರಿನಲ್ಲಿ ಗಾಳಿಯ ಬಾಯಿಗಳು ದೊಡ್ಡವು. ಮೊದಲು ಫಾಗ್ ಲ್ಯಾಂಪ್ ಇದ್ದ ಕಡೆ ಎಲ್‌ಇಡಿ ಡಿಆರ್‌ಎಲ್, ಅಂದರೆ ಹಗಲಲ್ಲೂ ಉರಿಯುವ ದೀಪ ಬಂತು. ಮೊಟ್ಟೆಯಾಕಾರದ ಹೆಡ್‌ಲ್ಯಾಂಪಿನ ಹೊರಗೆರೆ ಮಾತ್ರ ಬದಲಾಗಲಿಲ್ಲ, ಮುಂದಿನ ಮಡ್‌ಗಾರ್ಡ್ ಕೂಡ ಅಷ್ಟೇ. ಹಾಗಾಗಿ 997.1 ಕಾರಿಗೆ 997.2 ಬಂಪರ್ ಹೆಚ್ಚು ತಕರಾರಿಲ್ಲದೆ ಕೂರುತ್ತದೆ.

ಬಂಪರ್ ಒಂದನ್ನೇ ತಂದರೆ ಕೆಲಸ ಮುಗಿಯುವುದಿಲ್ಲ ಅನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ. ಎರಡೂ ಕಡೆಯ 997.2 ಲೈಟ್, ಡಕ್ಟ್, ಕಪ್ಪು ಗ್ರಿಲ್, ಕೆಳಗಿನ ಲಿಪ್ (ಬಂಪರಿನ ಕೆಳ ಅಂಚಿನ ತುಟಿಯಂಥ ಭಾಗ), ಚಕ್ರದ ಒಳಗಿನ ಲೈನರಿನ ಮುಂಭಾಗ, ಇವೆಲ್ಲ ಒಂದೇ ಕಾರಿನಿಂದ ಬಿಚ್ಚಿದ ಸೆಟ್ ಆಗಿ ಸಿಕ್ಕರೆ ಬಿಡಬೇಡಿ. ಬಂಪರ್ ಚಿಪ್ಪು ಅಗ್ಗಕ್ಕೆ ಸಿಕ್ಕಿತು ಅಂತ ತಂದು, ಉಳಿದದ್ದನ್ನು ಒಂದೊಂದಾಗಿ ಹುಡುಕಿದರೆ ಒಟ್ಟು ಖರ್ಚು ಚಿಪ್ಪಿನ ಎರಡರಷ್ಟು ದಾಟುತ್ತದೆ. ತಿಂಗಳುಗಟ್ಟಲೆ ಕಾರು ಮೂತಿಯಿಲ್ಲದೆ ನಿಂತಿರುತ್ತದೆ.

ಡಿಆರ್‌ಎಲ್ ವೈರಿಂಗ್ ಒಂದನ್ನು ನಿಧಾನವಾಗಿ ಯೋಚಿಸಿ ಮಾಡಿಸಿ. 997.1ರ ಕಪ್ಲರ್ (ವೈರ್ ಸಿಕ್ಕಿಸುವ ಪ್ಲಗ್) ಮತ್ತು 997.2 ಲೈಟಿನ ಕಪ್ಲರ್ ಒಂದೇ ಅಲ್ಲ. ಸುಮ್ನೆ ಪಾರ್ಕಿಂಗ್ ಲೈಟಿನ ವೈರಿಗೆ ಜೋಡಿಸಿದರೆ, ಎಲ್‌ಇಡಿ ಕಡಿಮೆ ಕರೆಂಟ್ ಎಳೆಯುವ ಕಾರಣ ಬಲ್ಬ್ ಹೋಗಿದೆ ಅಂತ ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆ ಬರಬಹುದು. ಇಂಡಿಕೇಟರ್ ಹಾಕಿದಾಗ ಸರಿಯಾದ ಕಡೆ, ಸರಿಯಾದ ವೇಗದಲ್ಲಿ ಮಿಣುಕಬೇಕು. ಮೂಲ ವೈರನ್ನು ಕತ್ತರಿಸಬೇಡಿ ಅಂತ ಎಲೆಕ್ಟ್ರಿಷಿಯನ್‌ಗೆ ಮೊದಲೇ ಹೇಳಿ. ನಡುವೆ ಒಂದು ಜೋಡಣೆ ವೈರ್ ಮಾಡಿಸಿದರೆ, ನಾಳೆ ಹಳೆಯದನ್ನು ವಾಪಸ್ ಹಾಕಬೇಕಾದಾಗ ತೆಗೆದು ಹಾಕುವುದಷ್ಟೇ ಕೆಲಸ.

ಟರ್ಬೊ ಬಂಪರ್

997 ಟರ್ಬೊದ ಮುಂದಿನ ಬಂಪರ್ ನೋಡಲು ಗಂಭೀರವಾಗಿದೆ. ಎಡ ಬಲ ಗಾಳಿ ಬಾಯಿಗಳ ಅಡ್ಡಪಟ್ಟಿಯಲ್ಲೇ ಎಲ್‌ಇಡಿ ಇಂಡಿಕೇಟರ್ ಇದೆ. ಇದೂ ಕರೇರಾದ ಮಡ್‌ಗಾರ್ಡಿಗೆ ಹೊಂದುತ್ತದೆ. ಆದರೆ ಲೈಟಿನ ಜಾಗ, ವೈರಿಂಗ್, ಡಕ್ಟ್ ಎಲ್ಲವೂ ಬೇರೆ. 997.2 ಸೆಟ್ಟಿಗಿಂತ ಇದರ ಸೆಟ್ ಹುಡುಕುವುದು ಕಷ್ಟ.

ನನಗೆ ಇದರಲ್ಲಿ ಇನ್ನೊಂದು ಅಡ್ಡಿ ಕಂಡಿತು. ಟರ್ಬೊದ ಹಿಂಭಾಗ ಅಗಲ. ಹಿಂದಿನ ಮಡ್‌ಗಾರ್ಡಿನಲ್ಲಿ ಗಾಳಿಯ ಬಾಯಿ ಇದೆ, ಹಿಂದಿನ ಬಂಪರಿನ ಪಕ್ಕದಲ್ಲಿ ಇಂಟರ್‌ಕೂಲರ್ ಗಾಳಿ ಹೊರಬರುವ ಸೀಳುಗಳಿವೆ. ಮುಂದೆ ಟರ್ಬೊ ಮುಖ ಇಟ್ಟು ಹಿಂದೆ ಸಪೂರ ಕರೇರಾ ಮೈ ಇದ್ದರೆ ಪಕ್ಕದಿಂದ ನೋಡುವಾಗ ತೂಕವೆಲ್ಲ ಮುಂದೆ ಬಿದ್ದ ಹಾಗೆ ಕಾಣುತ್ತದೆ. ಕರೇರಾ 4, 4ಎಸ್ ಅಥವಾ ಟಾರ್ಗಾ ಇದ್ದವರಿಗೆ ಈ ತೊಂದರೆ ಅಷ್ಟಿಲ್ಲ. ಅವುಗಳ ಹಿಂಭಾಗ ಸಾದಾ ಕರೇರಾಗಿಂತ 44 ಮಿ.ಮೀ. ಅಗಲ. ಅಂಥ ಕಾರಿಗೆ ಟರ್ಬೊ ಮುಖ ಒಪ್ಪುತ್ತದೆ.

ಜಿಟಿ3 ಬಂಪರ್

ಎಲ್ಲರಿಗೂ ಬೇಕಾದದ್ದು ಇದು. ಕೆಳಗೆ ಕಪ್ಪು ಲಿಪ್, ನಡುವೆ ದೊಡ್ಡ ಬಾಯಿ, ಮುಂದಿನ ಡಿಕ್ಕಿ ಶುರುವಾಗುವ ಮುಂಚೆ ಅಡ್ಡಕ್ಕೆ ಒಂದು ಸೀಳು. ಆ ಸೀಳು ಏಕಿದೆ ಗೊತ್ತಾ? ಜಿಟಿ3ಯಲ್ಲಿ ನಡುವಿನ ರೇಡಿಯೇಟರ್ ಓರೆಯಾಗಿ ಕೂತಿರುತ್ತದೆ. ಅದನ್ನು ಹಾದ ಬಿಸಿ ಗಾಳಿ ಕಾರಿನ ಕೆಳಗೆ ಹೋಗದೆ ಆ ಸೀಳಿನಿಂದ ಮೇಲಕ್ಕೆ ಹೊರಬರುತ್ತದೆ. ಕೆಳಗೆ ಗಾಳಿ ಕಡಿಮೆಯಾದರೆ ಮೂತಿ ಎತ್ತುವ ಬಲವೂ ಕಡಿಮೆ. ರೇಸ್ ಟ್ರ್ಯಾಕಿಗೆ ಮಾಡಿದ ಲೆಕ್ಕ ಅದು.

ನಡುವಿನ ರೇಡಿಯೇಟರ್, ಅದರ ಡಕ್ಟ್ ಇಲ್ಲದ ಕರೇರಾಗೆ ಈ ಬಂಪರ್ ಹಾಕಿದರೆ ಸೀಳಿನಿಂದ ಏನೂ ಹೊರಬರುವುದಿಲ್ಲ. ಬದಲಿಗೆ ಮಳೆ ನೀರು ಒಳಗೆ ಹೋಗುತ್ತದೆ. ಒಳಗಿನಿಂದ ಮುಚ್ಚಿಸಿ, ನೀರು ಹರಿದುಹೋಗಲು ಪಕ್ಕದಲ್ಲಿ ದಾರಿ ಬಿಡಿಸಬೇಕು. ಫಾಗ್ ಲ್ಯಾಂಪಿಗೆ ಜಿಟಿ3 ಬಂಪರಿನಲ್ಲಿ ಜಾಗವೇ ಇಲ್ಲ. ಡಿಸೆಂಬರ್ ಬೆಳಗ್ಗೆ ಐದೂವರೆಗೆ ನಂದಿ ಬೆಟ್ಟ ಹತ್ತುವ ಅಭ್ಯಾಸ ಇರುವವರು ಇದನ್ನು ಯೋಚಿಸಲೇಬೇಕು.

ಇನ್ನು ಎತ್ತರದ ಮಾತು. ನಮ್ಮಲ್ಲಿ ಹಂಪ್ ಹೇಗಿರಬೇಕು ಅಂತ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಅಳತೆ ಕೊಟ್ಟಿದೆ: 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ. ಅಷ್ಟು ಅಗಲಕ್ಕೆ ನಿಧಾನವಾಗಿ ಏರಿ ಇಳಿದರೆ ತಗ್ಗಿನ ಕಾರೂ ದಾಟುತ್ತದೆ. ಆದರೆ ನಮ್ಮ ಬಡಾವಣೆಗಳಲ್ಲಿ ರಾತ್ರೋರಾತ್ರಿ ಏಳುವ ಹಂಪುಗಳಿಗೆ ಆ ಅಳತೆ ಗೊತ್ತಿಲ್ಲ. ಒಂದು ಮೊಳ ಅಗಲಕ್ಕೆ ಗೋಡೆಯ ಹಾಗೆ ಎದ್ದಿರುತ್ತವೆ. ಪೋರ್ಷೆಗೂ ಇದರ ಅರಿವಿದೆ. 2009ರ ಜಿಟಿ3ಗೆ ಮೂತಿಯನ್ನು 30 ಮಿ.ಮೀ. ಎತ್ತುವ ಲಿಫ್ಟ್ ಅನ್ನು ಆಪ್ಷನ್ ಆಗಿ ಕೊಟ್ಟರು. ನಿಮ್ಮ ಕರೇರಾಗೆ ಜಿಟಿ3 ಲಿಪ್ ಬಂದರೂ ಆ ಲಿಫ್ಟ್ ಜೊತೆಗೆ ಬರುವುದಿಲ್ಲ.

ದುಡ್ಡು ಹಾಕುವ ಮುಂಚೆ ಒಂದು ಪರೀಕ್ಷೆ ಮಾಡಿ. ಇದನ್ನು ನಾನು ಎರಡನೇ ಸಲ ಕಲಿತು ಮಾಡಿದೆ. ಫ್ರಿಜ್ ಬಂದ ರಟ್ಟಿನ ಡಬ್ಬ ಇದ್ದರೆ ಅದರಿಂದ ಬಂಪರಿನಷ್ಟು ಅಗಲದ ಪಟ್ಟಿ ಕತ್ತರಿಸಿ. ಹೊಸ ಬಂಪರ್ ಈಗಿನದಕ್ಕಿಂತ ಎಷ್ಟು ಕೆಳಗೆ, ಎಷ್ಟು ಮುಂದೆ ಬರುತ್ತದೆ ಅಂತ ಮಾರುವವರಿಂದ ಟೇಪು ಹಿಡಿದ ಫೋಟೋ ತರಿಸಿಕೊಳ್ಳಿ. ಅಷ್ಟೇ ಕೆಳಗೆ, ಅಷ್ಟೇ ಮುಂದೆ ಬರುವ ಹಾಗೆ ರಟ್ಟನ್ನು ಟೇಪಿನಿಂದ ಅಂಟಿಸಿ. ಆಮೇಲೆ ನೀವು ದಿನಾ ಹೋಗುವ ದಾರಿಯಲ್ಲೇ ಹೋಗಿ. ಮನೆಯ ಬೇಸ್‌ಮೆಂಟ್, ಆಫೀಸಿನ ಬೇಸ್‌ಮೆಂಟ್, ಪೆಟ್ರೋಲ್ ಬಂಕಿನ ಏರು, ಸ್ಕೂಲ್ ಮುಂದಿನ ಹಂಪ್. ರಟ್ಟು ತಾಗಿದರೆ ಸರ್ರ್ ಅಂತ ಕೇಳಿಸುತ್ತದೆ. ನನ್ನ ರಟ್ಟು ಮನೆಯಿಂದ ಮುಖ್ಯ ರಸ್ತೆ ಸೇರುವ ಹೊತ್ತಿಗೆ ಮೂರು ಕಡೆ ಮಡಚಿಕೊಂಡಿತ್ತು. ಜಿಟಿ3 ಆಸೆಯನ್ನು ಅವತ್ತು ಬಿಟ್ಟೆ.

ಬಿಡಲು ಮನಸ್ಸಿಲ್ಲ ಅನ್ನುವವರಿಗೆ ಒಂದು ಮಾತು. ಒರಿಜಿನಲ್ ಜಿಟಿ3 ಲಿಪ್ ಮೆತ್ತನೆಯ ಕಪ್ಪು ಪ್ಲಾಸ್ಟಿಕ್, ಸ್ಕ್ರೂನಲ್ಲಿ ಕೂರುತ್ತದೆ, ಸವೆದರೆ ಬಿಚ್ಚಿ ಬೇರೆ ಹಾಕಬಹುದು. ಲಿಪ್ ಬಂಪರಿಗೇ ಅಂಟಿಕೊಂಡು ಒಂದೇ ತುಂಡಾಗಿರುವ ನಕಲನ್ನು ಮಾತ್ರ ತೆಗೆದುಕೊಳ್ಳಬೇಡಿ. ಅದರ ಲಿಪ್ ಒಡೆದರೆ ಇಡೀ ಬಂಪರ್ ಹೋಯಿತು.

ಒರಿಜಿನಲ್, ಪ್ಲಾಸ್ಟಿಕ್ ನಕಲು, ಫೈಬರ್ ನಕಲು

ಯಾವ ವೇರಿಯಂಟ್ ಅನ್ನುವಷ್ಟೇ ಮುಖ್ಯ ಯಾವ ವಸ್ತು ಅನ್ನುವುದು. ನಾನು ಸೋತದ್ದು ಇಲ್ಲಿ.

ಮೊದಲ ಸಲ ನಾನು ತಂದದ್ದು ಫೈಬರ್ ಗ್ಲಾಸಿನ ಜಿಟಿ3 ನಕಲು. ಪಕ್ಕಾ ಫಿಟ್ಟಿಂಗ್ ಅಂತ ಮಾತು ಕೊಟ್ಟಿದ್ದರು. ಕಾರಿನ ಮೇಲೆ ಹಿಡಿದು ನೋಡಿದರೆ ಬಲಗಡೆ ಸರಿಯಾಗಿ ಕೂರುತ್ತಿತ್ತು, ಎಡಗಡೆ ಹೆಡ್‌ಲ್ಯಾಂಪಿನ ಕೆಳಗೆ ನನ್ನ ಕಿರುಬೆರಳು ಹೋಗುವಷ್ಟು ಸಂದು. ಗ್ಯಾರೇಜಿನವರು ಒಂದು ಕಡೆ ಉಜ್ಜಿ, ಇನ್ನೊಂದು ಕಡೆ ಪುಟ್ಟಿ (ಮೆತ್ತಿ ಒಣಗಿಸುವ ಪೇಸ್ಟ್) ತುಂಬಿ ಸಂದು ಮುಚ್ಚಿದರು. ಪೇಂಟ್ ಆದ ಮೇಲೆ ಚೆನ್ನಾಗಿಯೇ ಕಾಣುತ್ತಿತ್ತು. ನಾಲ್ಕು ತಿಂಗಳಿಗೆ ಪುಟ್ಟಿ ತುಂಬಿದ ಕಡೆ ಕೂದಲಿನಂಥ ಗೆರೆ ಬಂತು. ಐದನೇ ತಿಂಗಳು ಒಂದು ಹಂಪ್ ಮೇಲೆ ಮೆಲ್ಲಗೆ ತಾಗಿತು. ಒರಿಜಿನಲ್ ಆಗಿದ್ದರೆ ಬಾಗಿ ವಾಪಸ್ ಬರುತ್ತಿತ್ತು. ಇದು ಹಪ್ಪಳದ ಹಾಗೆ ಮುರಿಯಿತು. ಒಡೆದ ಅಂಚಿನಲ್ಲಿ ಗಾಜಿನ ನೂಲು ಎದ್ದು ನಿಂತಿತ್ತು, ಕೈ ಸವರಿದರೆ ಚುಚ್ಚುತ್ತಿತ್ತು.

ಒರಿಜಿನಲ್ ಬಂಪರ್ ಬಾಗುವ ಪ್ಲಾಸ್ಟಿಕ್‌ನದು. ಹೆಬ್ಬೆರಳಿನಿಂದ ಒತ್ತಿದರೆ ಒಳಗೆ ಹೋಗಿ ಮತ್ತೆ ಬರುತ್ತದೆ. ಫೈಬರ್ ಒತ್ತಿದರೆ ಕಲ್ಲಿನ ಹಾಗೆ ನಿಲ್ಲುತ್ತದೆ. ಬೆನ್ನಿನ ಕಡೆ ತಿರುಗಿಸಿ ನೋಡಿದರೆ ನೂಲಿನ ಹೆಣಿಗೆ ಕಾಣುತ್ತದೆ. ಕ್ಲಿಪ್ಪಿನ ತೂತುಗಳನ್ನು ಬಹಳ ಸಲ ಹಾಕೇ ಇರುವುದಿಲ್ಲ, ಗ್ಯಾರೇಜಿನಲ್ಲೇ ಡ್ರಿಲ್ ಮಾಡಬೇಕು. ಟ್ರ್ಯಾಕಿನಲ್ಲಿ ಓಡಿಸುವವರಿಗೆ ಫೈಬರ್ ಹಗುರ, ಬೇಗ ರಿಪೇರಿ ಆಗುತ್ತದೆ, ಸರಿ. ದಿನಾ ಹಂಪು ದಾಟುವ ಕಾರಿನ ಮುಂಭಾಗಕ್ಕೆ ನಾನಂತೂ ಇನ್ನು ಹಾಕಿಸುವುದಿಲ್ಲ.

ನಡುವಿನ ದಾರಿ ಪಿಪಿ (ಪಾಲಿಪ್ರೊಪಿಲೀನ್) ಪ್ಲಾಸ್ಟಿಕ್ಕಿನ ನಕಲು. ಅಚ್ಚಿನಲ್ಲಿ ಒತ್ತಿದ್ದು, ಬಾಗುತ್ತದೆ, ಕ್ಲಿಪ್ಪಿನ ಜಾಗಗಳೂ ಇರುತ್ತವೆ. ಒಳ್ಳೆಯದು ಸಿಕ್ಕರೆ ಒರಿಜಿನಲ್ಲಿಗೆ ಹತ್ತಿರ ಬರುತ್ತದೆ. ಆದರೆ ಒಂದೇ ಹೆಸರಿನಲ್ಲಿ ಒಳ್ಳೆಯದೂ ಕೆಟ್ಟದ್ದೂ ಬರುತ್ತದೆ, ಕೈಯಲ್ಲಿ ಹಿಡಿಯದೆ ಹೇಳುವುದು ಕಷ್ಟ. ಸಂದು ಸರಿಯಿಲ್ಲದಿದ್ದರೆ ವಾಪಸ್ ತೆಗೆದುಕೊಳ್ಳುತ್ತೇನೆ ಅಂತ ಬರೆದುಕೊಟ್ಟರೆ ಮಾತ್ರ ಅಡ್ವಾನ್ಸ್ ಕೊಡಿ.

ನನ್ನ ಪಟ್ಟಿಯಲ್ಲಿ ಮೊದಲ ಜಾಗ ಬಳಸಿದ ಒರಿಜಿನಲ್ಲಿಗೆ. ಗೀರು ಇರಲಿ, ಬಣ್ಣ ಬೇರೆ ಇರಲಿ, ಪರವಾಗಿಲ್ಲ. ಕಿವಿಗಳು ಗಟ್ಟಿಯಾಗಿರಬೇಕು, ಮೊದಲು ಅಪಘಾತ ಆಗಿ ಪುಟ್ಟಿ ತುಂಬಿಸಿಕೊಂಡಿರಬಾರದು.

ಎಲ್ಲಿಂದ ತರುವುದು

ಜೆ.ಸಿ. ರಸ್ತೆಯಲ್ಲಿ ಸ್ವಿಫ್ಟ್ ಬಂಪರ್ ಕೇಳಿದರೆ ಹತ್ತು ನಿಮಿಷದಲ್ಲಿ ಕೈಗೆ ಬರುತ್ತದೆ. 911ರದ್ದು ಹಾಗಲ್ಲ. ಶಿವಾಜಿನಗರದ ಗುಜರಿಯಲ್ಲೂ ಅದೃಷ್ಟ ಇದ್ದರಷ್ಟೇ. ಬಹುಪಾಲು ಹೊರದೇಶದಿಂದ ತರಿಸಬೇಕು. ಅಲ್ಲಿ ಎರಡು ಲೆಕ್ಕ ನೆನಪಿರಲಿ.

ಒಂದು ಸಾಗಣೆ. ಬಂಪರ್ ಕೈಯಲ್ಲಿ ಎತ್ತಿದರೆ ಹಗುರ. ಆದರೆ ವಿಮಾನದ ಕೊರಿಯರ್‌ನವರು ಡಬ್ಬದ ಗಾತ್ರಕ್ಕೆ ದುಡ್ಡು ಹಾಕುತ್ತಾರೆ. ಉದ್ದ, ಅಗಲ, ಎತ್ತರ ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುವುದು ಸಾಮಾನ್ಯ ಲೆಕ್ಕ. ಈ ಕಾರಿನ ಅಗಲವೇ 1808 ಮಿ.ಮೀ. ಡಬ್ಬ 185, 60, 50 ಸೆಂ.ಮೀ. ಅಂತ ಇಟ್ಟುಕೊಂಡರೂ 111 ಕಿಲೋಗೆ ಬಿಲ್ ಆಗುತ್ತದೆ. ಮೇಲೆ ಕಸ್ಟಮ್ಸ್ ಸುಂಕ. ಹಡಗಿನಲ್ಲಿ ಬರುವ ಯಾರದ್ದಾದರೂ ಸಾಮಾನಿನ ಜೊತೆ ಸೇರಿಸಿದರೆ ತಡವಾಗುತ್ತದೆ, ಆದರೆ ಜೇಬು ಉಳಿಯುತ್ತದೆ. ಬಂಪರನ್ನು ಮಡಚಿ ಸಣ್ಣ ಡಬ್ಬದಲ್ಲಿ ಕಳಿಸುತ್ತೇನೆ ಅನ್ನುವವರಿಗೆ ಒಪ್ಪಬೇಡಿ. ಮಡಚಿದ ಕಡೆ ಬಿಳಿ ಗೆರೆ ಬೀಳುತ್ತದೆ, ಆಕಾರ ವಾಪಸ್ ಬರುವುದಿಲ್ಲ.

ಎರಡನೆಯದು ಯಾವ ದೇಶದ ಕಾರಿನಿಂದ ಬಿಚ್ಚಿದ್ದು ಅನ್ನುವುದು. ಅಮೆರಿಕದ ನಂಬರ್ ಪ್ಲೇಟ್ 305ಕ್ಕೆ 152 ಮಿ.ಮೀ., ನಮ್ಮ ಉದ್ದ ಪ್ಲೇಟ್ 500ಕ್ಕೆ 120. ಪ್ಲೇಟ್ ಕೂರುವ ಜಾಗದ ಆಕಾರ ನೋಡದೆ ಕೊಂಡರೆ ಆಮೇಲೆ ಪೇಚಾಟ. ಅಮೆರಿಕದ ಹಿಂದಿನ ಬಂಪರಿನಲ್ಲಿ ಹೊರಗೆ ಚಾಚಿದ ಎರಡು ಸಣ್ಣ ಉಬ್ಬುಗಳೂ ಇರುತ್ತವೆ. ಯುರೋಪಿನ ಕಾರಿನದು ನಮಗೆ ಹತ್ತಿರ. ಪೋರ್ಷೆ ಪಾರ್ಟ್ ನಂಬರಿನ ಮೊದಲ ಮೂರು ಅಂಕಿ ಮಾಡೆಲ್ ಹೇಳುತ್ತದೆ. 997 ಅಂತ ಶುರುವಾಗದ ಬಂಪರನ್ನು 997ದು ಅಂತ ಯಾರಾದರೂ ಮಾರಲು ಬಂದರೆ ಎರಡು ಸಲ ಕೇಳಿ.

ಹಿಂದಿನ ಬಂಪರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. 997.2ರಲ್ಲಿ ಹಿಂದಿನ ದೀಪದ ಆಕಾರವೇ ಬದಲಾಯಿತು, ಬಂಪರಿನ ಅಂಚು ಆ ದೀಪದ ಸುತ್ತ ಹೋಗುತ್ತದೆ. ಹಾಗಾಗಿ ದೀಪ, ಬಂಪರ್ ಎರಡೂ ಒಟ್ಟಿಗೆ ಬೇಕು, ಸೈಲೆನ್ಸರ್ ಬಾಯಿಯ ತೂತೂ ಹೊಂದಬೇಕು. ಅಗಲ ಮೈಯ ಬಂಪರ್ ಸಪೂರ ಮೈಗೆ ಕೂರುವುದಿಲ್ಲ. ಹಿಂದಿನದನ್ನು ಇದ್ದ ಹಾಗೇ ಬಿಡಿ.

ಬೇರೆ ಕಾರಿದ್ದವರಿಗೆ

ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಆ ದೊಡ್ಡ ವೇರಿಯಂಟಿನ ಮಡ್‌ಗಾರ್ಡ್ ನಿಮ್ಮ ಕಾರಿನ ಮಡ್‌ಗಾರ್ಡೇನಾ? ಮಸ್ಟಾಂಗ್ ಜಿಟಿ ನಮ್ಮಲ್ಲಿ 2016ರಲ್ಲಿ ಬಂತು. ಅದಕ್ಕೆ ಶೆಲ್ಬಿ ಜಿಟಿ350 ಮುಖ ಬೇಕು ಅನ್ನುತ್ತಾರೆ. ಆದರೆ ಜಿಟಿ350ಯ ಬಾನೆಟ್, ಮಡ್‌ಗಾರ್ಡ್ ಎಲ್ಲ ಬೇರೆಯೇ, ಒರಿಜಿನಲ್ ಬಂಪರ್ ಬೇಕೆಂದರೆ ಮುಂದಿನ ಅರ್ಧ ಕಾರನ್ನೇ ಬದಲಾಯಿಸಬೇಕು. ಬಿಎಂಡಬ್ಲ್ಯು 4 ಸೀರೀಸ್‌ಗೆ ಎಂ4 ಬಂಪರ್ ಅಂದರೂ ಅದೇ ಕಥೆ, ಎಂ4ರ ಮಡ್‌ಗಾರ್ಡ್ ಅಗಲ. ಅದೇ ಕಾರಿನ ಎಂ ಸ್ಪೋರ್ಟ್ ಬಂಪರ್ ಆದರೆ ಮಡ್‌ಗಾರ್ಡ್ ಮುಟ್ಟದೆ ಕೂರುತ್ತದೆ. ಹೊಸ ಕಾರುಗಳಲ್ಲಿ ಕ್ರೂಸ್ ಕಂಟ್ರೋಲ್‌ನ ರೇಡಾರ್ ಮುಂದೆ ಇದ್ದರೆ ಇನ್ನೂ ಜೋಪಾನ. ರೇಡಾರ್ ಮುಂದೆ ದಪ್ಪ ಪುಟ್ಟಿ, ಪದರದ ಮೇಲೆ ಪದರ ಮೆಟಾಲಿಕ್ ಪೇಂಟ್ ಬಂದರೆ ಅದು ಸರಿಯಾಗಿ ನೋಡುವುದಿಲ್ಲ. ಬಂಪರ್ ಬದಲಾದ ಮೇಲೆ ಕ್ಯಾಲಿಬ್ರೇಷನ್ ಮಾಡಿಸಲೇಬೇಕು.

ಕೂರಿಸುವುದು, ಬಣ್ಣ ಹೊಡೆಸುವುದು

ಪೇಂಟಿಗೆ ಮುಂಚೆ ಬಂಪರನ್ನು ಎಲ್ಲ ಸ್ಕ್ರೂ, ಕ್ಲಿಪ್ ಹಾಕಿ ಪೂರ್ತಿ ಕೂರಿಸಿ ನೋಡಿ. ಎರಡು ಸ್ಕ್ರೂನಲ್ಲಿ ನೇತುಹಾಕಿ "ಸರಿಯಾಗುತ್ತೆ ಸಾರ್" ಅಂದರೆ ಒಪ್ಪಬೇಡಿ. ಹೆಡ್‌ಲ್ಯಾಂಪ್ ಸುತ್ತ, ಮಡ್‌ಗಾರ್ಡ್ ಸೇರುವ ಕಡೆ, ಡಿಕ್ಕಿ ಬಾಗಿಲಿನ ಅಂಚಿನಲ್ಲಿ ಸಂದು ಎರಡೂ ಕಡೆ ಒಂದೇ ಇರಬೇಕು. ನಾನು ಒಂದು ದಪ್ಪ ಮದುವೆ ಕಾರ್ಡನ್ನು ಮಡಚಿ, ಎಡಗಡೆ ಸಂದಿನಲ್ಲಿ ಬಿಗಿಯಾಗಿ ಹೋಗುವ ಹಾಗೆ ಮಾಡಿಕೊಂಡು, ಅದನ್ನೇ ಬಲಗಡೆ ತೂರಿಸಿ ನೋಡಿದೆ. ಕಣ್ಣಿಗೆ ಕಾಣದ ವ್ಯತ್ಯಾಸ ಕೈಗೆ ಗೊತ್ತಾಯಿತು. ಬಂಪರ್ ಹಿಂದಿನ ಬ್ರಾಕೆಟ್ ಒಂದು ಚೂರು ಬಾಗಿತ್ತು. ಅದನ್ನು ನೇರ ಮಾಡಿದ ಮೇಲೆ ತಾನಾಗೇ ಸರಿಹೋಯಿತು. ಉಜ್ಜುವ ಮುಂಚೆ ಬ್ರಾಕೆಟ್ ನೋಡಿ.

ಡಿಕ್ಕಿ ಬಾಗಿಲು, ಹೆಡ್‌ಲ್ಯಾಂಪ್ ವಾಷರ್, ಟೋ ಹುಕ್ ಮುಚ್ಚಳ, ಹೊರಗಿನ ಟೆಂಪರೇಚರ್ ಸೆನ್ಸರ್, ಇವೆಲ್ಲ ಕೆಲಸ ಮಾಡುತ್ತವಾ ಅಂತ ಅಲ್ಲೇ ನೋಡಿ. ವಾಷರ್ ಇರುವ ಕಾರಿಗೆ ವಾಷರ್ ತೂತಿಲ್ಲದ ಬಂಪರ್ ಬಂದರೆ, ಆಮೇಲೆ ಕೊರೆಯುವಾಗ ಪೇಂಟ್ ಹಾಳು.

ಬಣ್ಣದ ಕೋಡ್ ಮುಂದಿನ ಡಿಕ್ಕಿ ಬಾಗಿಲಿನ ಒಳಗಿನ ಸ್ಟಿಕರಿನಲ್ಲಿದೆ. ಆದರೆ 17, 18 ವರ್ಷ ಬಿಸಿಲು ಕಂಡ ಬೆಳ್ಳಿ ಬಣ್ಣ ಕೋಡಿಗೆ ಹೊಂದುವುದಿಲ್ಲ. ಒಂದು ಸಣ್ಣ ತಗಡಿಗೆ ಹೊಡೆದು, ಒಣಗಿಸಿ, ಬಿಸಿಲಿನಲ್ಲಿ ಮಡ್‌ಗಾರ್ಡ್ ಪಕ್ಕ ಹಿಡಿದು ನೋಡಲು ಹೇಳಿ. ಟ್ಯೂಬ್‌ಲೈಟ್ ಕೆಳಗೆ ಒಂದೇ ಕಂಡದ್ದು ಹೊರಗೆ ಬಂದರೆ ಬೇರೆಯಾಗುತ್ತದೆ. ಪ್ಲಾಸ್ಟಿಕ್ ಮೇಲೆ ಬಣ್ಣ ಹಿಡಿಯಲು ಅದಕ್ಕೇ ಆದ ಪ್ರೈಮರ್ ಬೇಕು, ಬಾಗಿದಾಗ ಬಿರುಕು ಬಿಡದಿರಲು ಪೇಂಟಿನಲ್ಲಿ ಫ್ಲೆಕ್ಸ್ ಬೆರೆಸಬೇಕು. ಬಂಪರನ್ನು ನೆಲದ ಮೇಲೆ ಇಟ್ಟು ಹೀಟ್ ಕೊಟ್ಟರೆ ನಡು ಜೋಲುತ್ತದೆ. ಸ್ಟ್ಯಾಂಡಿಗೆ ಕೂರಿಸಿ ಹೊಡೆಸಿ.

ನಂಬರ್ ಪ್ಲೇಟ್, ಕಾನೂನು, ಇನ್ಶೂರೆನ್ಸ್

ಎಚ್‌ಎಸ್‌ಆರ್‌ಪಿ (ಹೈ ಸೆಕ್ಯೂರಿಟಿ ನಂಬರ್ ಪ್ಲೇಟ್) ಸ್ನ್ಯಾಪ್ ಲಾಕಿನಲ್ಲಿ ಕೂತಿರುತ್ತದೆ. ಬಿಚ್ಚಿ ಮತ್ತೆ ಹಾಕುವ ಹಾಗಿಲ್ಲ, ಲಾಕ್ ಮುರಿದೇ ತೆಗೆಯಬೇಕು. 2019ರ ಏಪ್ರಿಲ್ 1ಕ್ಕಿಂತ ಹಳೆಯ ಗಾಡಿಗಳಿಗೂ ಕರ್ನಾಟಕದಲ್ಲಿ 2023ರ ಆಗಸ್ಟ್‌ನಲ್ಲಿ ಆದೇಶ ಬಂತು. ಬಂಪರ್ ಬದಲಾಯಿಸುವ ಯೋಚನೆ ಇದ್ದು ಪ್ಲೇಟ್ ಇನ್ನೂ ಹಾಕಿಸಿಲ್ಲದಿದ್ದರೆ, ಹೊಸ ಬಂಪರ್ ಕೂತ ಮೇಲೆ ಹಾಕಿಸಿ.

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕೂ ಆರ್‌ಸಿಗೂ ವ್ಯತ್ಯಾಸ ಬರುವ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರ ತಿದ್ದುಪಡಿಯ 182ಎ(4) ಪ್ರಕಾರ ಅನುಮತಿಯಿಲ್ಲದ ಬದಲಾವಣೆಗೆ ಪ್ರತಿಯೊಂದಕ್ಕೂ 5000 ರೂಪಾಯಿ ದಂಡ, ಆರು ತಿಂಗಳ ತನಕ ಜೈಲು, ಅಥವಾ ಎರಡೂ. ಕಾರಿನ ಅಗಲ ಉದ್ದ ಬದಲಿಸುವ, ಮುಂದಿನ ಇಂಡಿಕೇಟರ್ ಅಥವಾ ನಂಬರ್ ಪ್ಲೇಟ್ ಮುಚ್ಚುವ ಬಂಪರಿನ ಹತ್ತಿರವೂ ಹೋಗಬೇಡಿ. ಕೈ ಹಾಕುವ ಮುಂಚೆ ನಿಮ್ಮ ಆರ್‌ಟಿಒ ಕಚೇರಿಯಲ್ಲಿ ಕೇಳಿ, ಉತ್ತರ ಬರೆಸಿಕೊಳ್ಳಿ.

ಇನ್ಶೂರೆನ್ಸ್ ಕ್ಲೇಮಿನಲ್ಲಿ ಪ್ಲಾಸ್ಟಿಕ್ ಭಾಗಕ್ಕೆ 50 ಶೇಕಡ, ಫೈಬರ್ ಗ್ಲಾಸ್ ಭಾಗಕ್ಕೆ 30 ಶೇಕಡ ಸವಕಳಿ ಕಳೆಯುತ್ತಾರೆ. ಝೀರೋ ಡೆಪ್ (ಸವಕಳಿ ಕಳೆಯದ ಪಾಲಿಸಿ) ಇಲ್ಲದಿದ್ದರೆ ಪ್ಲಾಸ್ಟಿಕ್ ಬಂಪರಿನ ಅರ್ಧ ದುಡ್ಡು ನಿಮ್ಮದೇ. ಬದಲಾವಣೆಯನ್ನು ಕಂಪನಿಗೆ ಮೊದಲೇ ಬರವಣಿಗೆಯಲ್ಲಿ ತಿಳಿಸಿ. ಹೇಳದೆ ಹಾಕಿಸಿದ್ದು ಅಪಘಾತದ ದಿನ ಸರ್ವೇಯರ್ ಕಣ್ಣಿಗೆ ಬಿದ್ದರೆ ಜಗಳ ಶುರು.

ನಾನು ಕೊನೆಗೆ ಹಾಕಿಸಿದ್ದು

ಯುರೋಪಿನ ಒಂದು ಕಾರಿನಿಂದ ಬಿಚ್ಚಿದ 997.2 ಸೆಟ್. ಡಕ್ಟ್, ಲೈಟ್, ಗ್ರಿಲ್ ಸಮೇತ. ಬಂಪರ್ ಕಪ್ಪು ಬಣ್ಣದ್ದು, ಬಲಗಡೆ ಉದ್ದಕ್ಕೂ ಗೀರು. ಕೂರಿಸಲು ಒಂದು ದಿನ, ವೈರಿಂಗಿಗೆ ಎರಡು ದಿನ, ಬಣ್ಣಕ್ಕೆ ನಾಲ್ಕು ದಿನ ಹಿಡಿಯಿತು. ಎರಡು ಬೇಸಿಗೆ ಕಳೆಯಿತು, ಸಂದು ಹಾಗೇ ಇದೆ, ಟೆಂಪರೇಚರ್ ಮುಳ್ಳು ಇದ್ದಲ್ಲೇ ಇರುತ್ತದೆ. ಬೇಸ್‌ಮೆಂಟಿನ ಜಾಲರಿಯನ್ನು ಅಸೋಸಿಯೇಷನ್‌ನವರ ಹತ್ತಿರ ಮಾತಾಡಿ ನೆಲದ ಮಟ್ಟಕ್ಕೆ ಕೂರಿಸಿದೆವು.

ಹಳೆ ಬಂಪರನ್ನು ಗ್ಯಾರೇಜಿನಲ್ಲೇ ಬಿಟ್ಟು ಬರಬೇಡಿ. ಕಿವಿ ವೆಲ್ಡ್ ಮಾಡಿಸಿ, ತೊಳೆದು, ಎರಡು ಅಗಲ ಬಟ್ಟೆ ಪಟ್ಟಿಯಲ್ಲಿ ಗೋಡೆಗೆ ತೂಗುಹಾಕಿ. ನೆಲದ ಮೇಲೆ ತುದಿಯಲ್ಲಿ ನಿಲ್ಲಿಸಿದರೆ ವರ್ಷದಲ್ಲಿ ಸೊಟ್ಟಗಾಗುತ್ತದೆ. ಸ್ಕ್ರೂ, ಕ್ಲಿಪ್, ಹಳೆ ಫಾಗ್ ಲ್ಯಾಂಪ್ ಎಲ್ಲ ಒಂದು ಡಬ್ಬಿಗೆ ಹಾಕಿ, ಯಾವುದು ಎಲ್ಲಿಯದು ಅಂತ ಚೀಟಿ ಅಂಟಿಸಿ. ಮುಂದೆ ಕಾರು ಕೊಳ್ಳಲು ಬರುವವರು ಮೊದಲು ಕೇಳುವುದು ಅದನ್ನೇ.